ಹಲ್ಲಿಗೆ ಅಂಟುವ ಮುನ್ನ ಹರಡಬೇಕು

ಘನವಸ್ತುವಿನ ಮೇಲೆ ಬಿದ್ದ ದ್ರವವು ತೆಳುವಾಗಿ ಹರಡಿಕೊಳ್ಳುತ್ತದೆಯೋ ಅಥವಾ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟಿ ನಿಲ್ಲುತ್ತದೆಯೋ ಎಂಬುದನ್ನು ತೀರ್ಮಾನಿಸುವ ಗುಣವೇ ತೇವಶೀಲತೆ. ಹನಿಯ ಅಂಚು ಮೇಲ್ಮೈಯನ್ನು ಮುಟ್ಟುವೆಡೆ ದ್ರವದ ಒಳಭಾಗದಲ್ಲಿ ಏರ್ಪಡುವ ಕೋನವನ್ನು ಸ್ಪರ್ಶಕೋನವೆನ್ನುತ್ತಾರೆ. ನೀರಿನ ಹನಿಯಲ್ಲಿ ಅದು 90 ಡಿಗ್ರಿಗಿಂತ ಕಡಿಮೆಯಿದ್ದರೆ ಆ ಮೇಲ್ಮೈ ಜಲಸ್ನೇಹಿ, ಹೆಚ್ಚಿದ್ದರೆ ಜಲವಿರೋಧಿ. 1805ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ವಿವರಿಸಿದ ಈ ಕೋನಕ್ಕೆ ದಂತವೈದ್ಯದಲ್ಲಿ ದೊರೆತಿರುವ ಮಹತ್ವ ದೊಡ್ಡದು, ಏಕೆಂದರೆ ಹಲ್ಲಿಗೆ ತುಂಬುವ ರಾಳ ಎಷ್ಟೇ ಗಟ್ಟಿಯಾದದ್ದಾದರೂ ದ್ರವರೂಪದಲ್ಲಿದ್ದಾಗ ಹಲ್ಲಿನ ಮೇಲೆ ಹರಡದಿದ್ದರೆ ಅದು ಅಲ್ಲಿ ಹಿಡಿದು ನಿಲ್ಲಲಾರದು.

ಹಲ್ಲಿನ ಹೊರಪದರವಾದ ಎನಾಮಲ್‌ನ ತೂಕದಲ್ಲಿ ಸುಮಾರು 96 ಶೇಕಡ ಖನಿಜವೇ ಆಗಿದ್ದರೂ ಅದರ ಮೇಲೆ ಲಾಲಾರಸದ ಪ್ರೋಟೀನುಗಳ ತೆಳುಪೊರೆ ಸದಾ ಇರುವುದರಿಂದ ರಾಳ ಅದರ ಮೇಲೆ ಸುಲಭವಾಗಿ ಹರಡುವುದಿಲ್ಲ. ಅಮೆರಿಕದ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ಎನಾಮಲ್‌ಗೆ 85 ಶೇಕಡ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದಾಗ ಅಕ್ರಿಲಿಕ್ ರಾಳ ಬಹಳ ಬಲವಾಗಿ ಅಂಟುವುದನ್ನು ತೋರಿಸಿದರು. ಆಮ್ಲವು ಪೊರೆಯನ್ನೂ ಮೇಲಿನ ಖನಿಜವನ್ನೂ ಕರಗಿಸಿ ಸೂಕ್ಷ್ಮ ರಂಧ್ರಗಳನ್ನು ತೆರೆಯುತ್ತದೆ, ಮೇಲ್ಮೈಯ ಶಕ್ತಿಯನ್ನು ಹೆಚ್ಚಿಸುತ್ತದೆ. ಆಗ ರಾಳ ಆ ರಂಧ್ರಗಳಿಗೆ ತಾನಾಗಿ ಇಳಿದು ಅಲ್ಲೇ ಗಟ್ಟಿಯಾಗಿ ಬೇರೂರುತ್ತದೆ. ಈಗ ಬಳಸುವ ಆಮ್ಲದ ಪ್ರಮಾಣ 35ರಿಂದ 37 ಶೇಕಡದಷ್ಟು. ಹೀಗೆ ಸಿದ್ಧವಾದ ಹಲ್ಲಿಗೆ ಕ್ಷಣಕಾಲ ಲಾಲಾರಸ ತಗುಲಿದರೂ ಪ್ರೋಟೀನುಗಳು ರಂಧ್ರಗಳನ್ನು ಮುಚ್ಚುವುದರಿಂದ, ವೈದ್ಯರು ರಬ್ಬರ್ ಹಾಳೆಯನ್ನೋ ಹತ್ತಿಯ ಸುರುಳಿಯನ್ನೋ ಇಟ್ಟು ಹಲ್ಲನ್ನು ಕಾಯುವುದು ಅತಿ ಎಚ್ಚರಿಕೆಯಲ್ಲ, ಚಿಕಿತ್ಸೆಯ ಆಯುಷ್ಯವೇ ಅದನ್ನು ಅವಲಂಬಿಸಿದೆ.

ಒಳಪದರವಾದ ಡೆಂಟಿನ್‌ನ ಪರಿಸ್ಥಿತಿ ಬೇರೆ. ಅದರಲ್ಲಿ ನೀರೂ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳೂ ಇದ್ದು, ಆಮ್ಲ ಹಚ್ಚಿದ ಬಳಿಕ ಗಾಳಿಯೂದಿ ಪೂರ್ತಿ ಒಣಗಿಸಿದರೆ ಎಳೆಗಳು ಕುಸಿದು ರಾಳಕ್ಕೆ ದಾರಿ ಮುಚ್ಚುತ್ತದೆ. ಹೆಚ್ಚು ನೀರು ಉಳಿದರೂ ನೀರಿಗೆ ಹೊಂದದ ರಾಳ ಒಳಗಿಳಿಯದು. ಆದ್ದರಿಂದ ನೀರಿಗೂ ರಾಳಕ್ಕೂ ಒಗ್ಗುವ ಅಣುಗಳುಳ್ಳ ಪ್ರೈಮರ್ ಎಂಬ ದ್ರವವನ್ನು ಮೊದಲು ಹಚ್ಚಲಾಗುತ್ತದೆ. ರಾಳವೂ ಕೊಲಾಜೆನ್ನೂ ಹೆಣೆದುಕೊಂಡು ಉಂಟಾಗುವ ಮಿಶ್ರಪದರವನ್ನು ಜಪಾನಿನ ನೊಬುವೊ ನಕಬಯಾಶಿ ಮತ್ತು ಸಂಗಡಿಗರು 1982ರಲ್ಲಿ ವಿವರಿಸಿದರು.

ಹಲ್ಲಿನ ಅಚ್ಚು ತೆಗೆಯಲು ಬಳಸುವ ಸಿಲಿಕೋನ್ ಸ್ವಭಾವತಃ ಜಲವಿರೋಧಿಯಾದ್ದರಿಂದ ಒದ್ದೆ ಒಸಡಿನ ಅಂಚಿನಲ್ಲಿ ಗುಳ್ಳೆಗಳು ಉಳಿದು ಅಚ್ಚು ಕೆಡುತ್ತದೆ. ಇದನ್ನು ತಗ್ಗಿಸಲು ಸಾಬೂನಿನಂತೆ ವರ್ತಿಸುವ ರಾಸಾಯನಿಕಗಳನ್ನು ಬೆರೆಸುತ್ತಾರೆ. ಕಟ್ಟಿಸಿದ ಪೂರ್ಣ ದಂತಪಂಕ್ತಿಯಾದರೋ ಅಂಗುಳಿಗೆ ಹಿಡಿದು ನಿಲ್ಲುವುದಕ್ಕೆ ನಡುವಿನ ಲಾಲಾರಸದ ತೆಳುಪದರದ ನೆರವೂ ಬೇಕು, ಬಾಯಿ ಒಣಗುವ ಹಿರಿಯರಿಗೆ ಅದು ಸಡಿಲವೆನಿಸಲು ಇದೂ ಒಂದು ಕಾರಣ.

ದವಡೆಯ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ಇಂಪ್ಲಾಂಟ್ ತಯಾರಾದ ಹೊಸತರಲ್ಲಿ ಜಲಸ್ನೇಹಿಯಾಗಿದ್ದು, ಗಾಳಿಯಲ್ಲಿನ ಹೈಡ್ರೋಕಾರ್ಬನ್ ಅಣುಗಳು ಕ್ರಮೇಣ ಅಂಟಿಕೊಂಡಂತೆ ಜಲವಿರೋಧಿಯಾಗುತ್ತದೆ. ಇದನ್ನು ತಡೆಯಲು ಕೆಲವು ಇಂಪ್ಲಾಂಟ್‌ಗಳನ್ನು ಲವಣದ್ರಾವಣದಲ್ಲಿಯೇ ಮುಳುಗಿಸಿ ಮಾರುತ್ತಾರೆ, ಬಳಕೆಗೆ ಮುನ್ನ ಅತಿನೇರಳೆ ಕಿರಣ ಹಾಯಿಸುವ ವಿಧಾನವೂ ಇದೆ. ಒದ್ದೆಯಾಗುವ ಮೇಲ್ಮೈಗೆ ರಕ್ತ ಬೇಗ ಹರಡುವುದರಿಂದ ಮೂಳೆ ಬೆಸೆಯುವ ಮೊದಲ ವಾರಗಳಲ್ಲಿ ಇದರ ಲಾಭ ಕಾಣಸಿಗುತ್ತದೆ.