ಆಯುಸ್ಸನ್ನು ಕೊಡಬಹುದೇ?

ಒಬ್ಬ ಮನುಷ್ಯನು ತನ್ನ ಆಯುಸ್ಸಿನ ಒಂದು ಭಾಗವನ್ನು ಇನ್ನೊಬ್ಬನಿಗೆ ಕೊಡಬಲ್ಲನೇ ಎಂದು ದೇವದುರ್ಗದ ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಪ್ರಶ್ನೆಯು ಶರೀರಶಾಸ್ತ್ರದಿಂದ ಹಿಡಿದು ಜೀವವಿಕಾಸದ ಗಣಿತದವರೆಗೆ ಹಬ್ಬುವಂಥದಾದುದರಿಂದ, ಹೌದು ಅಥವಾ ಇಲ್ಲವೆಂಬ ಒಂದೇ ಮಾತಿನಲ್ಲಿ ಅದನ್ನು ಮುಗಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ಇಂಥ ಪ್ರಶ್ನೆ ಆ ಸೀಮೆಯಿಂದಲೇ ಬಂದುದರಲ್ಲಿ ಆಶ್ಚರ್ಯವೂ ಇಲ್ಲ. ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಜನಿಸಿದ ಭಾಗಣ್ಣನವರು, ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರ ಶಿಷ್ಯರಾಗಿ ಗೋಪಾಲದಾಸರೆಂದು ಪ್ರಸಿದ್ಧರಾದರು. ಅದೇ ಸೀಮೆಯ ಬ್ಯಾಗವಾಟದ ಶ್ರೀನಿವಾಸಾಚಾರ್ಯರೆಂಬ ವಿದ್ವಾಂಸರು ಉದರವ್ಯಾಧಿಯಿಂದ ನವೆದು ಮರಣೋನ್ಮುಖರಾಗಿದ್ದಾಗ, ಗುರುಗಳ ಆಜ್ಞೆಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ದಾಸಪರಂಪರೆಯು ಹೇಳುತ್ತ ಬಂದಿದೆ. ಕೊಟ್ಟವರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ತೀರಿಕೊಂಡರು. ಪಡೆದವರು ಜಗನ್ನಾಥದಾಸರಾಗಿ 1809ರವರೆಗೆ ಬಾಳಿ, ಹರಿಕಥಾಮೃತಸಾರವನ್ನು ಕನ್ನಡಕ್ಕೆ ಕೊಟ್ಟರು.

ಈ ಕಥೆಯನ್ನು ತೂಗಬಲ್ಲ ತಕ್ಕಡಿ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ. ಇರಬೇಕೆಂದು ನಾನು ಬಯಸುವುದೂ ಇಲ್ಲ. ಆದರೆ ಇಂಥ ಕಥೆಗಳು ಬಂದೊಡನೆಯೇ ತರಂಗ, ಕಂಪನ, ಕ್ವಾಂಟಮ್ ಎಂಬ ಶಬ್ದಗಳನ್ನು ಎಲ್ಲಿಂದಲೋ ಎತ್ತಿ ತಂದು, ಅಂತಃಶಕ್ತಿಯೆಂಬುದು ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ಹರಿಯುವ ವಿದ್ಯುತ್ತೆಂಬಂತೆ ಉಪನ್ಯಾಸ ಮಾಡುವವರನ್ನು ಕಂಡರೆ ನನಗೆ ವ್ಯಥೆಯಾಗುತ್ತದೆ. ಅದರಿಂದ ವಿಜ್ಞಾನಕ್ಕೂ ಲಾಭವಿಲ್ಲ, ದಾಸರಿಗೂ ಗೌರವವಿಲ್ಲ. ಏಕೆಂದರೆ, ಓದುಗರು ಕೇಳಿದ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಯಾವ ಅಲಂಕಾರವೂ ಬೇಡದ ನಿಜವಾದ ಉತ್ತರವೊಂದಿದೆ, ಮತ್ತು ಆ ಉತ್ತರಕ್ಕೆ ಖಚಿತವಾದ ದಿನಾಂಕವೂ ಇದೆ.

1954ನೆಯ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರ್ರಿ ಎಂಬ ಶಸ್ತ್ರವೈದ್ಯರು, ಮೂತ್ರಪಿಂಡಗಳೆರಡೂ ಕೆಟ್ಟು ಸಾಯುವ ಸ್ಥಿತಿಯಲ್ಲಿದ್ದ ರಿಚರ್ಡ್ ಹೆರಿಕ್ ಎಂಬ ಯುವಕನಿಗೆ ಅವನ ಅವಳಿ ಸಹೋದರ ರೊನಾಲ್ಡನ ಒಂದು ಮೂತ್ರಪಿಂಡವನ್ನು ಜೋಡಿಸಿದರು. ಪರರ ಅಂಗಾಂಶವನ್ನು ದೇಹದ ರಕ್ಷಣಾವ್ಯವಸ್ಥೆಯು ಶತ್ರುವೆಂದು ಬಗೆದು ನಾಶಮಾಡುವುದರಿಂದ ಅದುವರೆಗಿನ ಪ್ರಯತ್ನಗಳು ವಿಫಲವಾಗಿದ್ದವು. ಇವರಿಬ್ಬರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಾದುದರಿಂದ ಆ ಅಡ್ಡಿ ಬರಲಿಲ್ಲ. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ, ಆರೋಗ್ಯವಂತನಾದ ತನ್ನ ಒಡಹುಟ್ಟಿದವನನ್ನು ಕತ್ತಿಗೊಡ್ಡುವುದು ಸರಿಯಲ್ಲವೆಂದು ರಿಚರ್ಡನು ಮನೆಗೆ ಹೊರಟುಹೋಗುವಂತೆ ಚೀಟಿ ಬರೆದು ಕಳುಹಿಸಿದನೆಂದೂ, ತಾನು ಬಂದಾಗಿದೆ, ಇಲ್ಲಿಯೇ ಇರುವೆನೆಂದು ರೊನಾಲ್ಡನು ಮಾರುತ್ತರ ಕೊಟ್ಟನೆಂದೂ ಹೇಳುತ್ತಾರೆ. ರಿಚರ್ಡನು ಎಂಟು ವರ್ಷ ಬದುಕಿ, ತನ್ನನ್ನು ಶುಶ್ರೂಷೆ ಮಾಡಿದ ದಾದಿಯನ್ನೇ ವರಿಸಿ, ಎರಡು ಹೆಣ್ಣುಮಕ್ಕಳ ತಂದೆಯಾದನು. ಮರ್ರಿಯವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇನ್ನು, ಎಂಟು ವರ್ಷಗಳ ಆಯುಸ್ಸನ್ನು ಕೊಟ್ಟ ರೊನಾಲ್ಡನ ಲೆಕ್ಕದಿಂದ ಎಷ್ಟು ವರ್ಷಗಳು ಕಳೆದುಹೋದವು? ಅವನು ಗಣಿತದ ಅಧ್ಯಾಪಕನಾಗಿ ಬಾಳಿ 2010ರಲ್ಲಿ, ತನ್ನ 79ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಕೊಟ್ಟವನ ಗಂಟು ಏಕೆ ಕರಗಲಿಲ್ಲವೆಂಬುದನ್ನು ತಿಳಿಯಲು ನಮ್ಮ ಬಯಲುಸೀಮೆಯ ಹಗೇವನ್ನು ನೆನೆಯಬೇಕು. ಜೋಳ ಬೆಳೆಯುವ ಊರುಗಳಲ್ಲಿ ಹಿಂದೆ ಗಟ್ಟಿನೆಲದಲ್ಲಿ ಆಳವಾದ ಕುಣಿ ತೋಡಿ, ಒಳಮೈಗೆ ಕಣಿಕೆಯನ್ನೋ ಹುಲ್ಲನ್ನೋ ಹೊಂದಿಸಿ, ಕಾಳು ತುಂಬಿ, ಬಾಯಿಗೆ ಮಣ್ಣು ಮುಚ್ಚಿ ಮೆತ್ತಿಬಿಡುತ್ತಿದ್ದರು. ಒಳಗಿನ ಕಾಳು ಉಸಿರಾಡುತ್ತ ಪ್ರಾಣವಾಯುವನ್ನು ಮುಗಿಸಿ ಇಂಗಾಲದ ಡೈ ಆಕ್ಸೈಡನ್ನು ತುಂಬಿಸುವುದರಿಂದ ಹುಳುಗಳಿಗೆ ಅಲ್ಲಿ ಬಾಳುವೆಯಿಲ್ಲ. ಬಾಯಿ ತೆರೆದೊಡನೆ ಯಾರೂ ಒಳಗಿಳಿಯದೆ ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಿದ್ದುದೂ ಅದಕ್ಕಾಗಿಯೇ. ಹಗೇವಿನ ಕಾಳು ಈ ವರ್ಷದ ಊಟಕ್ಕಾಗಿ ಇಟ್ಟದ್ದಲ್ಲ. ಮಳೆ ಕೈಕೊಡುವ ವರ್ಷಕ್ಕಾಗಿ ಇಟ್ಟದ್ದು. ಆ ವರ್ಷ ಬಾರದಿದ್ದರೆ ಅದು ಅಲ್ಲಿಯೇ ಇರುತ್ತದೆ, ಮತ್ತು ನೆರೆಮನೆಯವನ ಕಣಜ ಬರಿದಾದಾಗ ಮನೆಯ ಯಜಮಾನನಿಗೆ ಮನಸ್ಸಿದ್ದಲ್ಲಿ, ತನ್ನ ಮಕ್ಕಳ ತಟ್ಟೆಯಿಂದ ಒಂದು ರೊಟ್ಟಿಯನ್ನೂ ಎತ್ತದೆ ಅವನು ಆ ನೆರೆಮನೆಯನ್ನು ಉಳಿಸಬಲ್ಲನು. ನಮ್ಮ ಶರೀರವೂ ಹೀಗೆಯೇ ಹೂಳಿಟ್ಟುಕೊಂಡಿದೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೋಸುಘಟಕಗಳಿದ್ದು, ಅವೆಲ್ಲವೂ ಪೂರ್ಣಬಲದಿಂದ ದುಡಿಯುವ ಪ್ರಸಂಗ ನಿತ್ಯಜೀವನದಲ್ಲಿ ಬರುವುದೇ ಇಲ್ಲ. ಒಂದನ್ನು ಕೊಟ್ಟರೆ, ಉಳಿದುದರಲ್ಲಿ ಹೊಸ ಘಟಕಗಳು ಹುಟ್ಟದಿದ್ದರೂ ಇರುವವೇ ಹಿಗ್ಗಿ, ಹೆಚ್ಚು ರಕ್ತವನ್ನು ಪಡೆದು, ಮೊದಲಿನ ಒಟ್ಟು ಸಾಮರ್ಥ್ಯದ ನೂರಕ್ಕೆ ಎಪ್ಪತ್ತರಷ್ಟನ್ನು ಕೆಲವೇ ತಿಂಗಳುಗಳಲ್ಲಿ ಕೂಡಿಸಿಕೊಳ್ಳುತ್ತವೆ. ಅಪಾಯವೇ ಇಲ್ಲವೆಂದಲ್ಲ, ಶಸ್ತ್ರಕ್ರಿಯೆಯಲ್ಲಿ ಹತ್ತು ಸಾವಿರ ದಾನಿಗಳಿಗೆ ಸುಮಾರು ಮೂವರಂತೆ ಪ್ರಾಣ ಕಳೆದುಕೊಂಡಿದ್ದರೆಂದು 1994ರಿಂದ 2009ರವರೆಗಿನ ಅಮೆರಿಕದ ಅಂಕಿಅಂಶಗಳು ಹೇಳುತ್ತವೆ, ಮತ್ತು ಆ ಮೂವರನ್ನು ಮರೆಯುವುದು ಅನ್ಯಾಯ. ಆದರೂ ಅಂತಃಶಕ್ತಿಯೆಂಬ ಮಾತಿಗೆ ನನಗೆ ತೋರುವ ಅತ್ಯಂತ ಪ್ರಾಮಾಣಿಕವಾದ ಅರ್ಥವು ಇದೇ: ಪ್ರತಿಯೊಬ್ಬನ ಒಳಗೂ ತನ್ನ ಅವಶ್ಯಕತೆಗೆ ಮಿಗಿಲಾದ ಸಂಚಯವೊಂದಿದೆ, ಅದರ ಬಾಯಿ ತೆರೆಯುವುದು ಮನಸ್ಸಿನ ಕೆಲಸ.

ಮನಸ್ಸು ಏಕೆ ತೆರೆಯಬೇಕೆಂಬುದೇ ಜೀವವಿಜ್ಞಾನಿಗಳನ್ನು ಬಹುಕಾಲ ಕಾಡಿದ ಒಗಟು. ತನ್ನದನ್ನು ಪರರಿಗೆ ಕೊಡುವ ಪ್ರಾಣಿಗೆ ಸಂತಾನ ಕಡಿಮೆಯಾದರೆ ಆ ಗುಣವು ಕೆಲವು ತಲೆಮಾರುಗಳಲ್ಲಿ ಅಳಿಯಬೇಕಲ್ಲವೇ? ಜೇನಿನ ಆಳುನೊಣಗಳನ್ನು ಕುರಿತು ಡಾರ್ವಿನ್ನನೇ ಚಿಂತಿಸಿದ್ದನು. 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಎಂಬ ತರುಣ, ಬಂಧುವಿಗೆ ಆಗುವ ಲಾಭವನ್ನು ಬಂಧುತ್ವದ ಪ್ರಮಾಣದಿಂದ ಗುಣಿಸಿದಾಗ ಬರುವ ಮೊತ್ತವು ಕೊಡುವವನ ನಷ್ಟಕ್ಕಿಂತ ಹೆಚ್ಚಾಗಿದ್ದರೆ ಆ ಗುಣವು ಉಳಿಯುತ್ತದೆಂದು ಗಣಿತದಿಂದ ತೋರಿಸಿದನು. ಸೂತ್ರವು ಸುಂದರ, ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರು ನಮ್ಮ ಸೂರುಗಳ ಕೆಳಗೆ ಕಾಗದದಂಥ ಗೂಡು ಕಟ್ಟುವ ರೋಪಾಲಿಡಿಯಾ ಮಾರ್ಜಿನಾಟಾ ಎಂಬ ಕಣಜದ ಹುಳುವನ್ನು ದಶಕಗಳ ಕಾಲ ಗುರುತು ಹಾಕಿ ಹಾಕಿ ನೋಡಿದಾಗ, ಒಂದೇ ಗೂಡಿನ ಆಳುಹುಳುಗಳು ಆ ಸೂತ್ರವು ನಿರೀಕ್ಷಿಸುವಷ್ಟು ನಿಕಟಬಂಧುಗಳಲ್ಲವೆಂಬುದು ಸ್ಪಷ್ಟವಾಯಿತು. ಹಾಗಿದ್ದೂ ಅವು ಏಕೆ ದುಡಿಯುತ್ತವೆ? ಅವರು ಮುಂದಿಟ್ಟ ವಿವರಣೆಗಳಲ್ಲಿ ಒಂದು ನನಗೆ ಅತ್ಯಂತ ಪ್ರಿಯ. ಒಂಟಿಯಾಗಿ ಗೂಡು ಕಟ್ಟಿದ ಹುಳುವು ನಡುವೆ ಸತ್ತರೆ ಅದರ ಮರಿಗಳೆಲ್ಲ ಸಾಯುತ್ತವೆ, ಅದುವರೆಗಿನ ಶ್ರಮವೆಲ್ಲ ಮಣ್ಣುಪಾಲು. ಗುಂಪಿನಲ್ಲಿ ದುಡಿದ ಹುಳುವು ಸತ್ತರೆ ಅದು ಅರ್ಧ ಸಾಕಿದ ಮರಿಯನ್ನು ಇನ್ನೊಂದು ಮುಂದುವರಿಸಿ ಸಾಕುತ್ತದೆ, ಆದುದರಿಂದ ಅಲ್ಪಾಯುವಿನ ದುಡಿಮೆಯೂ ವ್ಯರ್ಥವಾಗದು. ನಲವತ್ತಕ್ಕೆ ಕಣ್ಮುಚ್ಚಿದ ಮಸರಕಲ್ಲಿನ ದಾಸರನ್ನೂ ಎಂಬತ್ತರವರೆಗೆ ಬಾಳಿ ಗ್ರಂಥವನ್ನು ಮುಗಿಸಿದ ಬ್ಯಾಗವಾಟದ ದಾಸರನ್ನೂ ನೆನೆಯದೆ ನಾನು ಈ ವಿವರಣೆಯನ್ನು ಓದಲಾರೆ. ಹುಳುವಿನ ನಿಯಮವನ್ನು ಸಂತರಿಗೆ ಅನ್ವಯಿಸುವ ಧಾರ್ಷ್ಟ್ಯ ನನಗಿಲ್ಲವಾದರೂ.

ಬಂಧುಗಳಲ್ಲದವರಿಗೆ, ಮುಖವನ್ನೂ ಕಾಣದವರಿಗೆ ಕೊಡುವವರ ಕಥೆಯೇ ಬೇರೆ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬ ಬಾಲಕನಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಕ್ರಿಯೆಯಾದಾಗ ಅಪರಿಚಿತರ ರಕ್ತವೇ ಅವನನ್ನು ಉಳಿಸಿತು. ಹದಿನೆಂಟು ತುಂಬಿದಾಗ ತಾನೂ ಕೊಡುವೆನೆಂದು ನಿಶ್ಚಯಿಸಿದ ಅವರು, ಸೂಜಿಯ ಭಯವಿದ್ದು ಮುಖವನ್ನು ಅತ್ತ ತಿರುಗಿಸಿಕೊಂಡೇ, 1954ರಿಂದ 2018ರವರೆಗೆ 1173 ಸಲ ಕೊಟ್ಟರು. ಅವರ ರಕ್ತದಲ್ಲಿ ಅಪೂರ್ವವಾದ ಪ್ರತಿಕಾಯವೊಂದು ಕಂಡುಬಂದಿತು. ರಕ್ತವು ಆರ್‌ಎಚ್ ನೆಗೆಟಿವ್ ಆಗಿರುವ ತಾಯಿಯು ಆರ್‌ಎಚ್ ಪಾಸಿಟಿವ್ ಶಿಶುವನ್ನು ಹೆತ್ತಾಗ ಶಿಶುವಿನ ರಕ್ತಕಣಗಳು ಅವಳ ರಕ್ತಕ್ಕೆ ನುಸುಳಿ, ಅವಳ ದೇಹವು ಅವನ್ನು ವೈರಿಯೆಂದು ನೆನಪಿಟ್ಟು, ಮುಂದಿನ ಬಸಿರಿನ ಶಿಶುವಿನ ರಕ್ತವನ್ನು ನಾಶಮಾಡತೊಡಗುತ್ತದೆ. ಆದರೆ ಹ್ಯಾರಿಸನ್ನರಂಥವರ ರಕ್ತದಿಂದ ತೆಗೆದ ಆ್ಯಂಟಿ-ಡಿ ಚುಚ್ಚುಮದ್ದನ್ನು ಸಕಾಲದಲ್ಲಿ ಕೊಟ್ಟರೆ, ನುಸುಳಿದ ಕಣಗಳು ತಾಯಿಯ ದೇಹವು ವೈರವನ್ನು ಕಲಿಯುವ ಮುನ್ನವೇ ತೊಳೆದುಹೋಗುತ್ತವೆ. ಇಪ್ಪತ್ತನಾಲ್ಕು ಲಕ್ಷ ಶಿಶುಗಳನ್ನು ಅವರು ಉಳಿಸಿದರೆಂದು ಪತ್ರಿಕೆಗಳು ಬರೆದವು. ಅದು ಅಂದಾಜು, ಬೇರೆ ದಾನಿಗಳ ಪಾಲೂ ಅದರಲ್ಲಿದೆ. ಆದರೆ ಬಾಲ್ಯದಲ್ಲಿ ಪಡೆದ ಪರರ ರಕ್ತದಿಂದಲೇ ಆ ಪ್ರತಿಕಾಯವು ಅವರಲ್ಲಿ ಹುಟ್ಟಿರಬಹುದೆಂಬ ಊಹೆಯು ನಿಜವಾದಲ್ಲಿ, ಪಡೆದ ಉಪಕಾರವೇ ಕೊಡುವ ಶಕ್ತಿಯಾಗಿ ಒಂದು ದೇಹದಲ್ಲಿ ಪರಿಣಮಿಸಿದ ಇಂಥ ದೃಷ್ಟಾಂತ ಮತ್ತೊಂದು ನನಗೆ ತಿಳಿಯದು.

ಇಂಥವರ ಮಿದುಳಿನ ರಚನೆಯೇ ಬೇರೆಯೆಂದು ಕೆಲವರು ಸಾರಿದ್ದಾರೆ. ಅಪರಿಚಿತರಿಗೆ ಮೂತ್ರಪಿಂಡ ಕೊಟ್ಟ 19 ಜನರನ್ನು ಅಬಿಗೇಲ್ ಮಾರ್ಷ್ ಅವರ ತಂಡವು 2014ರಲ್ಲಿ ಪರೀಕ್ಷಿಸಿ, ಭಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗವು ಬಲಗಡೆಯಲ್ಲಿ ಅವರಿಗೆ ತುಸು ದೊಡ್ಡದೆಂದೂ, ಪರರ ಭೀತಮುಖಕ್ಕೆ ಅದು ಹೆಚ್ಚು ಸ್ಪಂದಿಸುತ್ತದೆಂದೂ ಕಂಡಿತು. ಹತ್ತೊಂಬತ್ತು ಜನರಿಂದ ಮನುಷ್ಯಸ್ವಭಾವದ ಶಾಸನವನ್ನು ಬರೆಯಲಾಗದು. ಕರುಣೆಯು ಕೆಲವರಿಗೆ ಮಾತ್ರ ಹುಟ್ಟಿನಿಂದ ಬರುವ ಅಂಗವಿಶೇಷವೆಂಬ ಅರ್ಥವನ್ನಂತೂ ನಾನು ಒಪ್ಪಲಾರೆ. ಏಕೆಂದರೆ ಅದು ಕಣ್ಣಿಗೆ ಬಿದ್ದಲ್ಲಿ ಹಬ್ಬುತ್ತದೆ. ಪರಸ್ಪರ ಪರಿಚಯವಿಲ್ಲದವರನ್ನು ಗುಂಪುಗುಂಪಾಗಿ ಆಡಿಸಿದ ಹಣದ ಆಟಗಳನ್ನು ವಿಶ್ಲೇಷಿಸಿದ ಜೇಮ್ಸ್ ಫೌಲರ್ ಮತ್ತು ನಿಕೊಲಸ್ ಕ್ರಿಸ್ಟಾಕಿಸ್, ಒಬ್ಬನ ಔದಾರ್ಯವು ಅವನನ್ನು ಎಂದೂ ಕಾಣದ ಮೂರನೆಯವನ ವರ್ತನೆಯವರೆಗೂ ತಲುಪುತ್ತದೆಂದು 2010ರಲ್ಲಿ ತೋರಿಸಿದರು.

ಆಟದ ಹಣಕ್ಕಿಂತ ದೊಡ್ಡ ಸಾಕ್ಷ್ಯವು ನಮ್ಮಲ್ಲಿಯೇ ಇದೆ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರಭಂಡಾರವು ಆರಂಭವಾದಾಗ ನಟ ಡಾ. ರಾಜ್‌ಕುಮಾರ್ ಅವರು ಕಣ್ಣುಗಳನ್ನು ಕೊಡುವ ಸಂಕಲ್ಪ ಮಾಡಿದರು. 2006ರಲ್ಲಿ ಅವರ, 2017ರಲ್ಲಿ ಅವರ ಪತ್ನಿ ಪಾರ್ವತಮ್ಮನವರ, 2021ನೆಯ ಅಕ್ಟೋಬರ್ 29ರಂದು ಮಗ ಪುನೀತ್ ಅವರ ಕಣ್ಣುಗಳು ದಾನವಾದವು. ಪುನೀತರ ಒಂದೊಂದು ಕಾರ್ನಿಯಾವನ್ನೂ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನೂ, ಮೇಲಿನ ಪದರ, ಒಳಪದರ ಎಂದು ವೈದ್ಯರು ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಅನಂತರದ ವಾರಗಳಲ್ಲಿ ಕರ್ನಾಟಕದ ಊರೂರುಗಳಲ್ಲಿ ಜನರು ನೇತ್ರದಾನದ ಪತ್ರಕ್ಕೆ ಸಹಿ ಹಾಕಲು ಮುಂದಾದುದನ್ನು ನಾವೆಲ್ಲರೂ ಕಂಡಿದ್ದೇವೆ.

ಬದುಕಿರುವ ದಾನಿಯು ಬಂಧುವಲ್ಲದವನಿಗೆ ಮೂತ್ರಪಿಂಡ ಕೊಡುವುದಕ್ಕೆ, ಬಡವರ ಅಂಗಗಳ ವ್ಯಾಪಾರವನ್ನು ತಡೆಯಲೆಂದು ಬಂದ 1994ರ ಕಾಯಿದೆಯು ಅಧಿಕೃತ ಸಮಿತಿಯ ಅನುಮತಿಯನ್ನು ಕಡ್ಡಾಯ ಮಾಡಿದೆ, ಮಾಡಿರುವುದು ಸರಿಯೂ ಹೌದು. ನೇತ್ರದಾನಕ್ಕೆ ಆ ತೊಡಕಿಲ್ಲ. ಕನ್ನಡಕ ಹಾಕಿದವರೂ, ಪೊರೆಯ ಶಸ್ತ್ರಕ್ರಿಯೆಯಾದವರೂ, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಮರಣದ ಆರು ಗಂಟೆಗಳೊಳಗೆ ಆಗಬೇಕಾದುದರಿಂದ ನೇತ್ರಭಂಡಾರಕ್ಕೆ ಒಡನೆಯೇ ತಿಳಿಸಬೇಕು. ರಾಯಚೂರಿನಂಥ ಬಿಸಿಲ ಸೀಮೆಯಲ್ಲಿ ಕಾರ್ನಿಯಾ ಬೇಗ ಒಣಗುವುದರಿಂದ, ಅವರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆಯ ಹತ್ತಿಯಿಟ್ಟು, ಪಂಖವನ್ನು ನಿಲ್ಲಿಸಿ, ತಲೆಯ ಕೆಳಗೆ ದಿಂಬನ್ನಿಡಬೇಕು. ಕೆಲಸವು ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖವು ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗೆ ವಿಳಂಬವೂ ಆಗುವುದಿಲ್ಲ.