ಸ್ಕ್ರೂಜ್ ರಂಗವೇರಿದ ಬಗೆ

ಕ್ರಿಸ್‌ಮಸ್ ಹತ್ತಿರವಾದಂತೆ ಇಂಗ್ಲೆಂಡ್ ಮತ್ತು ಅಮೆರಿಕದ ಅನೇಕ ರಂಗಮಂದಿರಗಳು ವರ್ಷವರ್ಷವೂ ಕೈಗೆತ್ತಿಕೊಳ್ಳುವ ಒಂದು ನಾಟಕದ ಮೂಲ, ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರ್ 19ರಂದು ಹೊರತಂದ 'ಎ ಕ್ರಿಸ್‌ಮಸ್ ಕ್ಯಾರಲ್' ಎಂಬ ಪ್ರೇತಕಥೆ. ಎಬೆನೀಜರ್ ಸ್ಕ್ರೂಜ್ ಎಂಬ ಕಡುಜಿಪುಣ ವರ್ತಕನ ಮನೆಗೆ, ಏಳು ವರ್ಷಗಳ ಹಿಂದೆ ಸತ್ತ ಪಾಲುದಾರ ಜೇಕಬ್ ಮಾರ್ಲಿ, ಹಣದ ಪೆಟ್ಟಿಗೆ, ಬೀಗ, ಲೆಕ್ಕದ ಪುಸ್ತಕಗಳನ್ನು ಪೋಣಿಸಿದ ಸರಪಳಿ ಎಳೆದುಕೊಂಡು ಬರುತ್ತಾನೆ. ಬಳಿಕ ಭೂತ, ವರ್ತಮಾನ, ಭವಿಷ್ಯಗಳ ಮೂರು ಕ್ರಿಸ್‌ಮಸ್ ಆತ್ಮಗಳು ಸ್ಕ್ರೂಜನಿಗೆ ಅವನ ಬದುಕನ್ನೇ ತೋರಿಸಿ, ಬೆಳಗಾಗುವಷ್ಟರಲ್ಲಿ ಅವನನ್ನು ಉದಾರಿಯಾಗಿಸುತ್ತವೆ. ಹಣವನ್ನು ಕುರಿತ ಈ ಕಥೆಯ ರಂಗಚರಿತ್ರೆಯೂ ಬಹುಮಟ್ಟಿಗೆ ಹಣದ ಚರಿತ್ರೆಯೇ ಆಗಿರುವುದು ಕುತೂಹಲಕರ.

ಮೊದಲ ಮುದ್ರಣದ 6,000 ಪ್ರತಿಗಳು ಹಬ್ಬದೊಳಗೇ ಮಾರಾಟವಾದರೂ, ಬಣ್ಣದ ಚಿತ್ರಗಳಿಗೂ ಚಿನ್ನದ ಅಚ್ಚಿನ ರಟ್ಟಿಗೂ ವಿಪರೀತ ವೆಚ್ಚವಾಗಿ, ಬೆಲೆಯನ್ನು ಐದು ಷಿಲಿಂಗ್‌ಗೆ ನಿಲ್ಲಿಸಿದ್ದರಿಂದ, ಡಿಕನ್ಸ್ ಕೈಗೆ ಬಂದದ್ದು ಅಲ್ಪ. ಮರು ವರ್ಷದ ಫೆಬ್ರವರಿ 5ರಂದು, ಒಂದೇ ದಿನ, ಲಂಡನ್ನಿನ ಮೂರು ರಂಗಮಂದಿರಗಳಲ್ಲಿ ಮೂರು ರೂಪಾಂತರಗಳು ತೆರೆಕಂಡವು. ಅಡೆಲ್ಫಿ ರಂಗಮಂದಿರಕ್ಕಾಗಿ ಎಡ್ವರ್ಡ್ ಸ್ಟರ್ಲಿಂಗ್ ಸಿದ್ಧಪಡಿಸಿದ ನಾಟಕಕ್ಕೆ ಲೇಖಕನ ಸಮ್ಮತಿಯಿತ್ತು. ಆದರೆ ಕಾದಂಬರಿಯನ್ನು ನಾಟಕವಾಗಿಸಲು ಅಂದಿನ ಕಾನೂನಿನ ಪ್ರಕಾರ ಯಾರ ಅನುಮತಿಯೂ ಬೇಕಿರಲಿಲ್ಲವಾದ್ದರಿಂದ ಇಂಥ ಸಮ್ಮತಿಯು ಹಕ್ಕಿಗಿಂತ ಹೆಚ್ಚಾಗಿ ಸೌಜನ್ಯದ ವಿಷಯವಾಗಿತ್ತು.

ಈ ಕಥೆಯನ್ನು ಪ್ರದರ್ಶನವಾಗಿಸಿ ಲಾಭ ಪಡೆಯುವ ದಾರಿಯನ್ನು ಡಿಕನ್ಸ್ ಕೊನೆಗೆ ತಾನೇ ಕಂಡುಕೊಂಡ. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಪುರಭವನದಲ್ಲಿ ಶಿಕ್ಷಣಸಂಸ್ಥೆಯೊಂದರ ನೆರವಿಗಾಗಿ ಅದನ್ನು ಓದಿದವನು, 1858ರಿಂದ ಸ್ವಂತ ಗಳಿಕೆಗಾಗಿಯೇ ಓದತೊಡಗಿ, 1870ರ ಮಾರ್ಚ್ 15ರ ವಿದಾಯದ ಓದಿನಲ್ಲೂ ಅದನ್ನೇ ಆರಿಸಿಕೊಂಡ. ಪರದೆ, ವೇಷಭೂಷಣಗಳಿಲ್ಲದೆ, ಒಂದು ಮೇಜಿನ ಹಿಂದೆ ನಿಂತು, ಸಾಕಷ್ಟು ಕತ್ತರಿಸಿದ ಪಠ್ಯದಿಂದ ಎಲ್ಲ ಪಾತ್ರಗಳಿಗೂ ಅವನೇ ದನಿಯಾಗುತ್ತಿದ್ದ. ಕಥೆಯ ನಿಜವಾದ ರಸ ಅಡಗಿರುವುದು ಅದನ್ನು ಹೇಳುವವನ ಚೇಷ್ಟೆಯ, ಸಲುಗೆಯ ದನಿಯಲ್ಲಿ. ಬರಿಯ ಸಂಭಾಷಣೆಯನ್ನು ಆಯ್ದುಕೊಂಡ ರೂಪಾಂತರಗಳು ಬೋಳಾಗಿ ಕಾಣುವುದು ಇದೇ ಕಾರಣಕ್ಕೆ.

ಪ್ರೇತಗಳನ್ನು ರಂಗದ ಮೇಲೆ ತರುವುದು ಇನ್ನೊಂದು ಕಷ್ಟ. ಡಿಕನ್ಸನದೇ ಮತ್ತೊಂದು ಕ್ರಿಸ್‌ಮಸ್ ಕಥೆಯಾದ 'ದಿ ಹಾಂಟೆಡ್ ಮ್ಯಾನ್'ನ ದೃಶ್ಯವೊಂದಕ್ಕಾಗಿ ಜಾನ್ ಹೆನ್ರಿ ಪೆಪ್ಪರ್ 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಬಳಸಿದ ಉಪಾಯ ಅವನ ಹೆಸರಿನಿಂದಲೇ 'ಪೆಪ್ಪರನ ಪ್ರೇತ' ಎಂದು ಪ್ರಸಿದ್ಧವಾಯಿತು; ಮೂಲ ಕಲ್ಪನೆ ಮಾತ್ರ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನದು. ರಂಗದ ಮುಂಭಾಗದ ಗುಂಡಿಯಲ್ಲಿ, ಪ್ರೇಕ್ಷಕರಿಗೆ ಕಾಣದಂತೆ ನಿಂತ ನಟನ ಮೇಲೆ ಪ್ರಖರ ಬೆಳಕು ಹಾಯಿಸಿದರೆ, ರಂಗದಲ್ಲಿ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜಿನಲ್ಲಿ ಅವನ ಪ್ರತಿಬಿಂಬ ಮೂಡುತ್ತದೆ. ಗಾಜಿನಾಚೆಗೆ ನಡೆಯುವ ದೃಶ್ಯವೂ ಅದರ ಮೂಲಕ ಕಾಣುವುದರಿಂದ, ಜೀವಂತ ನಟನ ಪಕ್ಕದಲ್ಲೇ ಪಾರದರ್ಶಕ ಆಕೃತಿಯೊಂದು ಸುಳಿದಂತಾಗಿ, ಬೆಳಕು ತಗ್ಗಿಸಿದೊಡನೆ ಅದು ಕರಗಿಹೋಗುತ್ತದೆ.

ಇಂದು ಈ ನಾಟಕವು ಹಲವು ಸಂಸ್ಥೆಗಳ ಆರ್ಥಿಕ ಬೆನ್ನೆಲುಬು. ಮಿನಿಯಾಪೊಲಿಸ್‌ನ ಗಥ್ರಿ ರಂಗಮಂದಿರ 1975ರಲ್ಲೂ, ಷಿಕಾಗೋದ ಗುಡ್‌ಮನ್ 1978ರಲ್ಲೂ ಆರಂಭಿಸಿದ ವಾರ್ಷಿಕ ಪರಿಪಾಠ ಇನ್ನೂ ನಡೆದುಬಂದಿದೆ. ಕೃತಿಸ್ವಾಮ್ಯದ ಅವಧಿ ಮುಗಿದಿರುವುದರಿಂದ ಮೂಲಕಥೆಗೆ ಗೌರವಧನವಿಲ್ಲ, ಮಕ್ಕಳಿಂದ ಮುದುಕರವರೆಗೆ ಇಡೀ ಕುಟುಂಬವೇ ಟಿಕೆಟ್ ಕೊಳ್ಳುತ್ತದೆ. ಹೀಗೆ ಡಿಸೆಂಬರಿನಲ್ಲಿ ಬಂದ ಹಣ, ಪ್ರೇಕ್ಷಕರ ಭರವಸೆಯಿಲ್ಲದ ಹೊಸ ನಾಟಕಗಳಿಗೆ ಆಸರೆಯಾಗುತ್ತದೆ.

ಲಂಡನ್ನಿನ ಓಲ್ಡ್ ವಿಕ್ 2017ರಲ್ಲಿ ಆರಂಭಿಸಿದ, ಜ್ಯಾಕ್ ಥಾರ್ನ್ ಬರೆದು ಮ್ಯಾಥ್ಯೂ ವಾರ್ಕಸ್ ನಿರ್ದೇಶಿಸಿದ ಪ್ರಯೋಗ, ನಿರೂಪಕನ ಸಮಸ್ಯೆಯನ್ನು ಇತರರಿಗಿಂತ ಜಾಣತನದಿಂದ ಬಿಡಿಸಿದೆ ಎನ್ನಬೇಕು: ಇಲ್ಲಿ ನಟವೃಂದವೇ ಕಥೆ ಹೇಳುತ್ತ, ಕೈಗಂಟೆಗಳಲ್ಲಿ ಹಬ್ಬದ ಹಾಡುಗಳನ್ನು ನುಡಿಸುತ್ತದೆ. ಪ್ರದರ್ಶನಕ್ಕೆ ಮುನ್ನ ಒಣಹಣ್ಣಿನ ಹೂರಣದ ಮಿನ್ಸ್ ಪೈಗಳನ್ನು ಪ್ರೇಕ್ಷಕರಿಗೆ ಹಂಚಲಾಗುತ್ತದೆ. ಬದಲಾದ ಸ್ಕ್ರೂಜ್ ಔತಣ ಏರ್ಪಡಿಸುವಾಗ ತಿನಿಸುಗಳು ಪ್ರೇಕ್ಷಕರ ನಡುವಿನಿಂದಲೇ ರಂಗಕ್ಕೆ ಸಾಗುತ್ತವೆ. ಕಥೆಯ ಮೊದಲಿಗೆ ಬಡವರಿಗಾಗಿ ಚಂದಾ ಕೇಳಲು ಬಂದ ಇಬ್ಬರು ಮಹನೀಯರನ್ನು ಸ್ಕ್ರೂಜ್ ಬರಿಗೈಯಲ್ಲಿ ಕಳುಹಿಸುತ್ತಾನಷ್ಟೆ. ಓಲ್ಡ್ ವಿಕ್‌ನಲ್ಲಿ ಆಟ ಮುಗಿದ ಮೇಲೆ ಧರ್ಮಕಾರ್ಯಕ್ಕೆಂದು ಅಂಥದೇ ಚಂದಾವನ್ನು ಪ್ರೇಕ್ಷಕರಿಂದ ಎತ್ತಲಾಗುತ್ತದೆ.