ಚಿನ್ನದ ಕಣವೂ ಮೆದುಳಿನ ಗಡ್ಡೆಯೂ

ರಾಯಚೂರು ಜಿಲ್ಲೆಯ ಹಟ್ಟಿ ಗಣಿಯೂ ದೇವದುರ್ಗ ತಾಲ್ಲೂಕಿನ ಊಟಿಯ ಚಿನ್ನದ ನಿಕ್ಷೇಪವೂ ನಮಗೆ ಪರಿಚಿತವಾದುವೇ. ಆಭರಣಕ್ಕೂ ನಾಣ್ಯಕ್ಕೂ ಒದಗಿದ ಈ ಲೋಹವು ಈಗ ಔಷಧವಾಹಕವೂ ಆಗತೊಡಗಿದೆ. ಮೆದುಳಿನ ಸೂಕ್ಷ್ಮ ರಕ್ತನಾಳಗಳ ಭಿತ್ತಿಯು ಬಹುಪಾಲು ಔಷಧಗಳನ್ನು ಒಳಹೊಗಗೊಡದು; ಗ್ಲಿಯೋಬ್ಲಾಸ್ಟೋಮವೆಂಬ ಮಾರಕ ಗಡ್ಡೆಯ ಚಿಕಿತ್ಸೆಗೆ ಇದೊಂದು ದೊಡ್ಡ ತೊಡಕು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ ತುಸುವೇ ದೊಡ್ಡವಾದ ಚಿನ್ನದ ಕಣಗಳನ್ನು ಸಿದ್ಧಗೊಳಿಸಿದರು. ಗಡ್ಡೆಯ ಕೋಶಗಳನ್ನು ಸಾಯದಂತೆ ಕಾಯುವ ಜೀನನ್ನು ಅಡಗಿಸಬಲ್ಲ ಆರ್‌ಎನ್‌ಎ ಎಳೆಗಳನ್ನು ಅವಕ್ಕೆ ಹೊದಿಸಿ, 8 ಮಂದಿ ರೋಗಿಗಳ ರಕ್ತನಾಳಕ್ಕೆ ಸೇರಿಸಿದರು. 2021ರ ವರದಿಯಂತೆ, ಬಳಿಕ ಶಸ್ತ್ರಕ್ರಿಯೆಯಿಂದ ತೆಗೆದ ಗಡ್ಡೆಗಳಲ್ಲಿ ಚಿನ್ನವು ಕಂಡುಬಂದಿತು. ದಾರಿ ತೆರೆದುದಕ್ಕೆ ಇದು ಸಾಕ್ಷಿ, ರೋಗ ವಾಸಿಯಾದುದಕ್ಕಲ್ಲ. ಸ್ವರ್ಣಭಸ್ಮದ ಸೇವನೆಯೂ ಇದೇ ಎಂದು ಭ್ರಮಿಸಿ ಆಸ್ಪತ್ರೆಯ ಚಿಕಿತ್ಸೆಯನ್ನು ತೊರೆಯುವುದು ಅನರ್ಥಕ್ಕೆ ಎಡೆಯಾದೀತು.